ನದಿಯೂ ನ್ಯಾಯಸ್ಥಾನವೂ

ಒಬ್ಬನು ನ್ಯಾಯಸ್ಥಾನದ ಮುಂದೆ ನಿಂತು ತನಗಾದ ಅನ್ಯಾಯವನ್ನು ಹೇಳಿಕೊಳ್ಳುವುದಕ್ಕೆ ಮೊದಲು, ಹಾಗೆ ಹೇಳಿಕೊಳ್ಳುವ ಅಧಿಕಾರ ಅವನಿಗೆ ಉಂಟೆ ಎಂಬುದು ಇತ್ಯರ್ಥವಾಗಬೇಕು. ಆ ಅಧಿಕಾರವುಳ್ಳವನನ್ನು ಕಾನೂನು ಬಲ್ಲವರು ‘ವ್ಯಕ್ತಿ’ ಎನ್ನುತ್ತಾರೆ. ವ್ಯಕ್ತಿಯಾದವನ ದೂರನ್ನು ನ್ಯಾಯಾಧಿಪತಿ ಕೇಳಲೇಬೇಕು; ವ್ಯಕ್ತಿಯಲ್ಲದುದರ ದೂರು ಎಷ್ಟೇ ನಿಜವಾಗಿದ್ದರೂ ಅವನ ಕಿವಿಗೆ ಬೀಳುವುದಿಲ್ಲ. ಕಳೆದ ಐವತ್ತು ವರ್ಷಗಳಿಂದ, ವಿಶೇಷವಾಗಿ ೨೦೦೮ರಿಂದ ಈಚೆಗೆ, ಈ ವ್ಯಕ್ತಿಪದವಿಯನ್ನು ನದಿಗೆ, ಸರೋವರಕ್ಕೆ, ಅರಣ್ಯಕ್ಕೆ, ಪರ್ವತಕ್ಕೆ ಕೊಡಬೇಕೆಂಬ ವಾದ ಲೋಕದ ನಾನಾ ದೇಶಗಳಲ್ಲಿ ಹುಟ್ಟಿಕೊಂಡಿದೆ. ಅದು ಕೆಲವು ಕಡೆ ಶಾಸನವಾಗಿಯೂ ಕೆಲವು ಕಡೆ ತೀರ್ಪಾಗಿಯೂ ನೆಲೆಗೊಂಡಿದೆ. ಮತ್ತೆ ಕೆಲವು ಕಡೆ ನೆಲೆ ಸಿಕ್ಕದೆ ಬಿದ್ದುಹೋಗಿದೆ.

ಈ ಸಂಗತಿಯನ್ನು ಕೇಳಿದವರಲ್ಲಿ ಎರಡು ಬಗೆಯವರುಂಟು. ನೀರು ವಕಾಲತ್ತು ಹಾಕುವುದುಂಟೆ, ಬೆಟ್ಟ ಸಾಕ್ಷಿ ನುಡಿಯುವುದುಂಟೆ ಎಂದು ಕೆಲವರು ನಗುತ್ತಾರೆ. ಹಿರಿಯರು ಗಂಗೆಯನ್ನೂ ಕಾವೇರಿಯನ್ನೂ ತಾಯಿಯೆಂದು ಕರೆದದ್ದರ ಮರ್ಮ ಪರದೇಶದವರಿಗೆ ಈಗ ತಿಳಿಯಿತು ಎಂದು ಮತ್ತೆ ಕೆಲವರು ಹಿಗ್ಗುತ್ತಾರೆ. ಆ ನಗುವೂ ಈ ಹಿಗ್ಗೂ ಅವಸರದವು. ನದಿಯನ್ನು ವ್ಯಕ್ತಿಯೆಂದು ಒಪ್ಪುವುದರಿಂದ ನದಿಗೆ ಬರುವ ಲಾಭವೇನು, ಹಾಗೆ ಒಪ್ಪಿಕೊಂಡ ಮನುಷ್ಯನ ಹೆಗಲಿಗೆ ಬೀಳುವ ಹೊರೆಯೇನು ಎಂಬ ಎರಡು ಪ್ರಶ್ನೆಗಳನ್ನು ವಿಚಾರಮಾಡಿದ ಮೇಲೆ ನಗಬೇಕೋ ಹಿಗ್ಗಬೇಕೋ ಎಂಬುದು ತಾನಾಗಿ ತಿಳಿಯುವುದು.

ಮೊದಲು ನಗುವವರ ಪಕ್ಷವನ್ನು ತೆಗೆದುಕೊಳ್ಳಬಹುದು. ಕಾನೂನಿನಲ್ಲಿ ವ್ಯಕ್ತಿಯೆಂದರೆ ಉಸಿರಾಡುವ ಮನುಷ್ಯನೆಂದೇ ಅರ್ಥವಲ್ಲ. ಅದು ನ್ಯಾಯಸ್ಥಾನದಲ್ಲಿ ಹಾಕಿಟ್ಟ ಒಂದು ಪೀಠ. ಆ ಪೀಠದಲ್ಲಿ ಯಾರನ್ನು ಕುಳ್ಳಿರಿಸಬೇಕೆಂಬುದನ್ನು ಆಯಾ ಕಾಲದ ಜನರು ತಮ್ಮ ಪ್ರಯೋಜನವನ್ನೂ ತಮ್ಮ ಧರ್ಮಬುದ್ಧಿಯನ್ನೂ ಅನುಸರಿಸಿ ಗೊತ್ತುಮಾಡುತ್ತ ಬಂದಿದ್ದಾರೆ. ೧೮೫೭ರಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನಗಳ ಪರಮೋಚ್ಚ ನ್ಯಾಯಸ್ಥಾನವು, ಡ್ರೆಡ್ ಸ್ಕಾಟ್ ಎಂಬ ದಾಸನು ತನ್ನ ಬಿಡುಗಡೆಗಾಗಿ ಹೂಡಿದ್ದ ದಾವೆಯಲ್ಲಿ, ಆಫ್ರಿಕದಿಂದ ತಂದ ದಾಸರ ಸಂತತಿಯವರು ಆ ರಾಷ್ಟ್ರದ ಪ್ರಜೆಗಳಲ್ಲ, ಆದುದರಿಂದ ರಾಷ್ಟ್ರದ ನ್ಯಾಯಸ್ಥಾನದಲ್ಲಿ ವ್ಯವಹರಿಸುವ ಅಧಿಕಾರ ಅವರಿಗಿಲ್ಲ ಎಂದು ತೀರ್ಮಾನಿಸಿತು. ಇತ್ತ ೧೮೯೬ರಲ್ಲಿ ಇಂಗ್ಲೆಂಡಿನ ಪ್ರಭುಸಭೆಯ ಮುಂದೆ ಸ್ಯಾಲೊಮನ್ ಎಂಬ ಬೂಟಿನ ವರ್ತಕನ ವ್ಯಾಜ್ಯ ಬಂದಿತು. ಆತ ತನ್ನ ಉದ್ಯಮವನ್ನು ಕಂಪೆನಿಯಾಗಿ ಮಾರ್ಪಡಿಸಿ, ಹೆಂಡತಿ ಮಕ್ಕಳನ್ನೇ ಉಳಿದ ಪಾಲುಗಾರರನ್ನಾಗಿ ಸೇರಿಸಿಕೊಂಡಿದ್ದನು. ಆದರೂ ಆ ಕಂಪೆನಿ ಬೇರೆ, ಸ್ಯಾಲೊಮನ್ ಬೇರೆ. ಕಂಪೆನಿಯ ಸಾಲಕ್ಕೆ ಅವನು ಹೊಣೆಯಲ್ಲ ಎಂದು ಪ್ರಭುಸಭೆ ಹೇಳಿತು. ನೋವಿಗೆ ಕಣ್ಣೀರು ಸುರಿಸುವ ಮನುಷ್ಯನಿಗೆ ಒಂದು ಕಡೆ ಪೀಠವಿಲ್ಲದೆ ಹೋಯಿತು; ಕಾಗದದ ಮೇಲೆ ಹುಟ್ಟಿದ ಕಂಪೆನಿಗೆ ಇನ್ನೊಂದು ಕಡೆ ಪೀಠ ದೊರೆಯಿತು. ಕಂಪೆನಿಯ ಮೊಕದ್ದಮೆಯನ್ನು ಪ್ರತಿದಿನವೂ ಪತ್ರಿಕೆಯಲ್ಲಿ ಓದಿ ನಗದವರು ನದಿಯ ಮೊಕದ್ದಮೆಗೆ ನಗುವುದು ನ್ಯಾಯವಲ್ಲ.

ಭರತಖಂಡದವರಿಗಂತೂ ಈ ಕಲ್ಪನೆ ಅಪರಿಚಿತವಲ್ಲ. ದೇವರ ಅಂಗಭೋಗ ರಂಗಭೋಗಗಳಿಗೆಂದು ಗದ್ದೆ ತೋಟಗಳನ್ನು ಬಿಟ್ಟ ಸಂಗತಿ ಕನ್ನಡ ನಾಡಿನ ಶಿಲಾಶಾಸನಗಳಲ್ಲಿ ಹೆಜ್ಜೆಹೆಜ್ಜೆಗೂ ಸಿಕ್ಕುತ್ತದೆ. ಸ್ಥಾನಾಚಾರ್ಯನ ಕಾಲು ತೊಳೆದು ಅವನ ಕೈಗೆ ಧಾರೆಯೆರೆದರೂ ಭೂಮಿ ಅವನದಾಗುತ್ತಿರಲಿಲ್ಲ. ಅದು ದೇವರ ಸೊತ್ತು. ಈ ಭಾವನೆಯನ್ನು ಮುಂದೆ ಬ್ರಿಟಿಷರ ನ್ಯಾಯಸ್ಥಾನಗಳೂ ಒಪ್ಪಿಕೊಂಡುವು. ೧೯೨೫ರಲ್ಲಿ ಕಲ್ಕತ್ತೆಯ ಒಂದು ಮನೆತನದ ದಾಯಾದಿಗಳು, ಸರದಿಯ ಪೂಜೆಯ ಕಾಲದಲ್ಲಿ ಕುಲದೇವರ ವಿಗ್ರಹವನ್ನು ತಮ್ಮ ತಮ್ಮ ಮನೆಗೆ ಒಯ್ಯಬಹುದೆ ಎಂಬ ವಿವಾದವನ್ನು ಪ್ರಿವಿ ಕೌನ್ಸಿಲಿನವರೆಗೆ ಕೊಂಡೊಯ್ದರು. ವಿಗ್ರಹವು ಎತ್ತಿ ಇಳಿಸುವ ಸಾಮಾನಲ್ಲ; ಅದು ಕಾನೂನಿನ ವ್ಯಕ್ತಿ; ತನ್ನ ವಾಸಸ್ಥಾನದ ವಿಷಯದಲ್ಲಿ ಅದರ ಇಚ್ಛೆಯೂ ಗಣನೆಗೆ ಬರಬೇಕು; ಆ ಇಚ್ಛೆಯನ್ನು ನಿವೇದಿಸುವುದಕ್ಕೆ, ದಾಯಾದಿಗಳ ಪೈಕಿ ಯಾರ ಲಾಭಕ್ಕೂ ಸೇರದ ಒಬ್ಬ ವಾದಮಿತ್ರನನ್ನು ನ್ಯಾಯಸ್ಥಾನವೇ ನೇಮಿಸಬೇಕು ಎಂದು ಪ್ರಿವಿ ಕೌನ್ಸಿಲ್ ವಿಧಿಸಿತು. ೧೯೯೧ರಲ್ಲಿ ಲಂಡನಿನ ಮೇಲ್ಮನವಿಯ ನ್ಯಾಯಸ್ಥಾನವು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ತಮಿಳುನಾಡಿನ ಪತ್ತೂರಿನ ಪಾಳು ದೇವಾಲಯವೊಂದರ ಕಂಚಿನ ನಟರಾಜನು ೧೯೭೬ರಲ್ಲಿ ನೆಲದಿಂದ ಹೊರಬಿದ್ದು, ಕೈಯಿಂದ ಕೈಗೆ ಮಾರಾಟವಾಗಿ, ಕಡೆಗೆ ಲಂಡನಿನ ಪೊಲೀಸರ ವಶದಲ್ಲಿದ್ದನು. ಅವನನ್ನು ಹಿಂದಕ್ಕೆ ಕೇಳುವ ಅಧಿಕಾರ ಆ ಪಾಳು ದೇವಾಲಯಕ್ಕೆ ಉಂಟೆಂದು ಇಂಗ್ಲಿಷ್ ನ್ಯಾಯಾಧಿಪತಿಗಳು ಒಪ್ಪಿದರು. ವಿಗ್ರಹ ಭಾರತಕ್ಕೆ ಮರಳಿತು. ಗೋಪುರ ಉದುರಿ ಪೂಜೆ ನಿಂತುಹೋಗಿದ್ದ ದೇವಾಲಯವು ಸಮುದ್ರದಾಚೆಯ ನಾಡಿನಲ್ಲಿ ವ್ಯಾಜ್ಯ ಗೆಲ್ಲಬಹುದಾದರೆ, ಹರಿಯುತ್ತಿರುವ ನದಿ ಪೀಠವೇರಲು ಅಡ್ಡಿಯೇನು?

ಅಡ್ಡಿಯಿಲ್ಲವೆಂಬುದರಿಂದಲೇ ಅವಶ್ಯಕತೆಯುಂಟೆಂದು ಸಿದ್ಧವಾಗುವುದಿಲ್ಲ. ನದಿಗೆ ಆ ಪದವಿ ಏಕೆ ಬೇಕು? ಈ ಪ್ರಶ್ನೆ ಹೊಸ ಕಾಲದಲ್ಲಿ ಸ್ಪಷ್ಟವಾಗಿ ಎದ್ದದ್ದು ೧೯೭೨ರಲ್ಲಿ. ಕ್ಯಾಲಿಫೋರ್ನಿಯದ ಸಿಯೆರಾ ನೆವಾಡ ಪರ್ವತಗಳ ನಡುವೆ ಮಿನರಲ್ ಕಿಂಗ್ ಎಂಬ ಕಣಿವೆ ಇದೆ. ಅಲ್ಲಿ ವಾಲ್ಟ್ ಡಿಸ್ನಿ ಕಂಪೆನಿಯವರು ದೊಡ್ಡ ವಿಹಾರಸ್ಥಾನವನ್ನು ಕಟ್ಟಲು ಹೊರಟಾಗ ಸಿಯೆರಾ ಕ್ಲಬ್ ಎಂಬ ಸಂಘವು ತಡೆಯಲು ದಾವೆ ಹಾಕಿತು. ಕಣಿವೆ ಕೆಟ್ಟರೆ ಸಂಘದ ಸದಸ್ಯರಿಗೆ ಸ್ವಂತವಾಗಿ ಏನು ನಷ್ಟವೆಂದು ತೋರಿಸಿಲ್ಲವೆಂದು ಹೇಳಿ ಪರಮೋಚ್ಚ ನ್ಯಾಯಸ್ಥಾನ ದಾವೆಯನ್ನು ತಳ್ಳಿಹಾಕಿತು. ನ್ಯಾಯಾಧಿಪತಿ ವಿಲಿಯಂ ಡಗ್ಲಸ್ ಭಿನ್ನಮತ ಬರೆದು, ಈ ದಾವೆ ಕಣಿವೆಯ ಹೆಸರಿನಲ್ಲಿಯೇ ನಡೆಯಬೇಕಾಗಿತ್ತು ಎಂದರು. ಅದೇ ವರ್ಷ ಕ್ರಿಸ್ಟೊಫರ್ ಸ್ಟೋನ್ ಎಂಬ ಕಾನೂನಿನ ಅಧ್ಯಾಪಕರು, ಮರಗಳಿಗೆ ನ್ಯಾಯಸ್ಥಾನದಲ್ಲಿ ನಿಲ್ಲುವ ಅಧಿಕಾರ ಬೇಡವೆ ಎಂದು ಕೇಳುವ ಪ್ರಬಂಧವನ್ನು ಪ್ರಕಟಿಸಿದರು.

ಸ್ಟೋನರ ವಾದದ ತಿರುಳು ಸರಳವಾದುದು. ಒಬ್ಬ ಕಾರ್ಖಾನೆಯವನು ಹೊಳೆಗೆ ವಿಷ ಬಿಡುತ್ತಾನೆಂದು ಭಾವಿಸಬಹುದು. ಹಳೆಯ ಕಾನೂನಿನಲ್ಲಿ ಅವನ ಮೇಲೆ ದಾವೆ ಹೂಡಬಲ್ಲವನು ಕೆಳದಂಡೆಯ ಗದ್ದೆಯವನು. ಗದ್ದೆಯವನಿಗೆ ದಾವೆಯ ಖರ್ಚು ಹೆಚ್ಚೆಂದು ಕಂಡರೆ, ಇಲ್ಲವೆ ಅವನೂ ಅದೇ ಹೊಳೆಗೆ ಕೊಳೆ ಬಿಡುವವನಾದರೆ, ಅಲ್ಲಿಗೆ ಮಾತು ಮುಗಿಯಿತು. ಅವನು ದಾವೆ ಹೂಡಿದರೂ ನ್ಯಾಯಾಧಿಪತಿ ಲೆಕ್ಕ ಹಾಕುವುದು ಬೆಳೆಯ ನಷ್ಟವನ್ನು; ಸತ್ತ ಮೀನನ್ನಲ್ಲ. ಗೆದ್ದರೆ ಹಣ ಹೋಗುವುದು ಗದ್ದೆಯವನ ಪೆಟ್ಟಿಗೆಗೆ; ಹೊಳೆ ಇದ್ದಂತೆಯೇ ಇರುತ್ತದೆ. ಹೊಳೆಗೆ ವ್ಯಕ್ತಿಪದವಿ ಬಂದರೆ ಮೂರು ಬದಲಾವಣೆಗಳಾಗುವುವು: ದಾವೆ ಹೊಳೆಯ ಹೆಸರಿನಲ್ಲಿ ನಡೆಯುವುದು, ಹೊಳೆಗಾದ ಕೇಡೇ ಲೆಕ್ಕಕ್ಕೆ ಬರುವುದು, ದೊರೆತ ಪರಿಹಾರ ಹೊಳೆಯನ್ನು ಸರಿಪಡಿಸುವುದಕ್ಕೆ ವಿನಿಯೋಗವಾಗುವುದು. ಪದವಿಯ ಪ್ರಯೋಜನ ಇಷ್ಟು. ಇದರಲ್ಲಿ ಕವಿಕಲ್ಪನೆಯೂ ಇಲ್ಲ, ಹಾಸ್ಯಕ್ಕೆ ಎಡೆಯೂ ಇಲ್ಲ.

ಮುಂದೆ ಈ ಬೀಜ ಬಿದ್ದ ನೆಲಗಳಲ್ಲಿ ಎರಡನ್ನು ಹೋಲಿಸಿ ನೋಡುವುದು ಉಪಯುಕ್ತ. ಏಕೆಂದರೆ ಎರಡು ಕಡೆಯೂ ನಿರ್ಣಯವಾದದ್ದು ೨೦೧೭ರ ಮಾರ್ಚಿ ತಿಂಗಳಲ್ಲಿಯೇ. ಒಂದು ನ್ಯೂಜೀಲೆಂಡಿನ ವಾಂಗನುಯಿ ನದಿ, ಇನ್ನೊಂದು ಗಂಗೆ.

ವಾಂಗನುಯಿ ಟೊಂಗರಿರೊ ಪರ್ವತದಲ್ಲಿ ಹುಟ್ಟಿ ಸುಮಾರು ೨೯೦ ಕಿಲೋಮೀಟರು ಹರಿದು ಟ್ಯಾಸ್ಮನ್ ಸಮುದ್ರವನ್ನು ಸೇರುವ ನದಿ. ಅದರ ದಡದ ಮಾವೊರಿ ಜನರು ತಮಗೂ ನದಿಗೂ ಭೇದವೆಣಿಸುವವರಲ್ಲ. ನದಿಯೇ ತಾವು, ತಾವೇ ನದಿ ಎನ್ನುವವರು. ವಲಸೆ ಬಂದ ಬಿಳಿಯರ ಆಡಳಿತದಲ್ಲಿ ನದಿಯ ಮೇಲಿನ ಅಧಿಕಾರ ಅವರ ಕೈಬಿಟ್ಟಿತು. ಹತ್ತೊಂಬತ್ತನೆಯ ಶತಮಾನದಿಂದಲೇ ಅವರು ಮನವಿಗಳನ್ನು ಬರೆದರು. ೧೯೩೮ರಲ್ಲಿ ನದೀಪಾತ್ರದ ಒಡೆತನಕ್ಕಾಗಿ ಹೂಡಿದ ವ್ಯಾಜ್ಯ ೧೯೬೨ರವರೆಗೆ ಎಳೆದು ಅವರಿಗೆ ವಿರುದ್ಧವಾಗಿ ಮುಗಿಯಿತು. ಅನಂತರ ವಿದ್ಯುತ್ತಿನ ಉತ್ಪಾದನೆಗೆಂದು ನದಿಯ ಮೇಲಿನ ನೀರನ್ನು ಬೇರೆ ಕಡೆಗೆ ತಿರುಗಿಸಿದರು. ತಲೆಮಾರುಗಳ ಈ ಹೋರಾಟದ ಫಲವಾಗಿ ೨೦೧೭ರಲ್ಲಿ ಆ ದೇಶದ ಪಾರ್ಲಿಮೆಂಟು ನದಿಯನ್ನು ‘ತೆ ಅವ ತುಪುವ’ ಎಂಬ ಹೆಸರಿನಿಂದ, ಪರ್ವತದಿಂದ ಸಮುದ್ರದವರೆಗೆ ಬಿಡಿಸಲಾಗದ ಒಂದೇ ಜೀವಂತ ವ್ಯಕ್ತಿಯೆಂದು ಶಾಸನ ಮಾಡಿತು. ಆ ಶಾಸನದ ಮುಖ್ಯ ಗುಣ ಆ ಘೋಷಣೆಯಲ್ಲಿಲ್ಲ; ಅದರ ಹಿಂದಿನ ಏರ್ಪಾಟಿನಲ್ಲಿದೆ. ನದಿಯ ಪರವಾಗಿ ಮಾತನಾಡುವುದಕ್ಕೆ ಇಬ್ಬರು ಪಾಲಕರು, ಒಬ್ಬರನ್ನು ಸರಕಾರವೂ ಇನ್ನೊಬ್ಬರನ್ನು ಮಾವೊರಿಗಳೂ ಆರಿಸಿ ಕಳುಹಿಸತಕ್ಕವರು. ಅವರಿಗೆ ಸಲಹೆಗಾರರು, ನದಿಯ ಆರೋಗ್ಯಕ್ಕೆಂದೇ ತೆಗೆದಿಟ್ಟ ೩ ಕೋಟಿ ಡಾಲರುಗಳ ನಿಧಿ. ಪಾಲಕರ ಹೆಸರು ಎಲ್ಲರಿಗೂ ಗೊತ್ತು. ಅವರನ್ನು ಪ್ರಶ್ನಿಸುವವರೂ ನದಿಯ ದಡದಲ್ಲಿಯೇ ಇದ್ದಾರೆ. ಶಾಸನದಿಂದ ಎಲ್ಲವೂ ಸರಿಹೋಯಿತೆಂದು ಹೇಳಲಾಗದು: ಮೊದಲೇ ಕೊಟ್ಟಿದ್ದ ಪರವಾನಗಿಗಳು ರದ್ದಾಗಲಿಲ್ಲ, ತಿರುಗಿಸಿದ ನೀರು ಒಡನೆಯೇ ಹಿಂದಕ್ಕೆ ಬರಲಿಲ್ಲ. ಆದರೆ ನದಿಗೆ ಒಂದು ನಾಲಗೆ ಬಂದಿತು. ಆ ನಂಬಿಕೆಯಿಂದಲೇ ೨೦೨೫ರ ಜನವರಿಯಲ್ಲಿ ಆ ಪಾರ್ಲಿಮೆಂಟು ತರನಾಕಿ ಪರ್ವತಕ್ಕೂ ಇಂಥದೇ ಪದವಿಯನ್ನು ಕೊಟ್ಟಿತು.

ಗಂಗೆಯ ಕಥೆ ಬೇರೆ. ೨೦೧೭ರ ಮಾರ್ಚಿ ೨೦ರಂದು ಉತ್ತರಾಖಂಡದ ಉಚ್ಚ ನ್ಯಾಯಾಲಯವು ಗಂಗೆ ಯಮುನೆಗಳನ್ನು ಜೀವಂತ ವ್ಯಕ್ತಿಗಳೆಂದು ಸಾರಿತು. ದೇವತಾವಿಗ್ರಹಗಳ ಬಗೆಗಿನ ಹಳೆಯ ತೀರ್ಪುಗಳು ಅದಕ್ಕೆ ಆಧಾರವಾದುವು. ಹತ್ತು ದಿನಗಳ ಮೇಲೆ ಗಂಗೋತ್ರಿ ಯಮುನೋತ್ರಿಗಳ ಹಿಮನದಿಗಳಿಗೂ ಅದೇ ಪದವಿ ಬಂದಿತು. ನದಿಗಳ ಪಾಲಕರೆಂದು ನೇಮಕವಾದವರು ಯಾರು? ನಮಾಮಿ ಗಂಗೆ ಯೋಜನೆಯ ನಿರ್ದೇಶಕರು, ಆ ರಾಜ್ಯದ ಮುಖ್ಯ ಕಾರ್ಯದರ್ಶಿಗಳು, ಅಡ್ವೊಕೇಟ್ ಜನರಲ್ ಅವರು. ಎಂದರೆ, ನದಿಯನ್ನು ಕಾಪಾಡುವ ಕೆಲಸದಲ್ಲಿ ತಪ್ಪಿದರೆಂದು ಯಾವ ಸರಕಾರದ ಮೇಲೆ ದೂರು ಬರಬೇಕೋ ಆ ಸರಕಾರದ ಅಧಿಕಾರಿಗಳೇ ದೂರು ಕೊಡಬೇಕಾದವರೂ ಆದರು. ಆ ರಾಜ್ಯ ಸರಕಾರ ಈ ಗೌರವವನ್ನು ಬೇಡವೆಂದು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ನದಿ ಅನೇಕ ರಾಜ್ಯಗಳಲ್ಲಿ ಹರಿಯುವುದು, ಒಂದು ರಾಜ್ಯದ ಅಧಿಕಾರಿಗಳು ಅದನ್ನೆಲ್ಲ ಹೇಗೆ ಕಾಯುವುದು? ಪ್ರವಾಹ ಬಂದು ಜನ ಸತ್ತರೆ ಪರಿಹಾರವನ್ನು ಮುಖ್ಯ ಕಾರ್ಯದರ್ಶಿಗಳಿಂದ ಕೇಳಬೇಕೆ? ಇವು ಅದರ ಆಕ್ಷೇಪಣೆಗಳು. ಜುಲೈ ೭ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆಯಾಜ್ಞೆ ಕೊಟ್ಟಿತು. ಕೋಟ್ಯಂತರ ಜನರು ತಾಯಿಯೆಂದು ಕೈಮುಗಿಯುವ ನದಿಯ ವ್ಯಕ್ತಿತ್ವ ನಾಲ್ಕು ತಿಂಗಳು ಕೂಡ ನಡೆಯಲಿಲ್ಲ.

ಉಳಿದ ದೇಶಗಳ ಅನುಭವವೂ ಈ ಹೋಲಿಕೆಗೆ ಬೆಂಬಲವಾಗಿದೆ. ದಕ್ಷಿಣ ಅಮೆರಿಕದ ಎಕ್ವಡೋರ್ ದೇಶ ೨೦೦೮ರಲ್ಲಿ ಪ್ರಕೃತಿಗೆ ಹಕ್ಕುಗಳುಂಟೆಂದು ತನ್ನ ರಾಜ್ಯಾಂಗದಲ್ಲಿಯೇ ಬರೆದುಕೊಂಡಿತು. ಆ ಹಕ್ಕುಗಳಿಗಾಗಿ ಯಾವ ಮನುಷ್ಯನು ಬೇಕಾದರೂ ನ್ಯಾಯಸ್ಥಾನಕ್ಕೆ ಹೋಗಬಹುದೆಂದೂ ಸೇರಿಸಿತು. ೨೦೧೧ರಲ್ಲಿ, ರಸ್ತೆ ಅಗಲಮಾಡುವವರು ಕಲ್ಲುಮಣ್ಣನ್ನು ಸುರಿದು ಕೆಡಿಸಿದ ವಿಲ್ಕಬಂಬ ಎಂಬ ನದಿ ಪ್ರಾಂತದ ಆಡಳಿತದ ಮೇಲೆ ಗೆದ್ದಿತು. ೨೦೨೧ರಲ್ಲಿ ಲೋಸ್ ಸೆದ್ರೋಸ್ ಎಂಬ ಅರಣ್ಯದೊಳಕ್ಕೆ ಗಣಿ ಬಾರದಂತೆ ಅಲ್ಲಿಯ ರಾಜ್ಯಾಂಗ ನ್ಯಾಯಸ್ಥಾನ ತಡೆಯಿತು. ಅಮೆರಿಕದ ಟೊಲೀಡೊ ನಗರದಲ್ಲಿ ೨೦೧೪ರಲ್ಲಿ ಈರಿ ಸರೋವರದ ನೀರು ಪಾಚಿಯ ವಿಷದಿಂದ ಕೆಟ್ಟು, ಸುಮಾರು ಮೂರು ದಿನ ನಲ್ಲಿಯ ನೀರನ್ನು ಯಾರೂ ಕುಡಿಯಕೂಡದೆಂದು ಸಾರಬೇಕಾಯಿತು. ಬೆದರಿದ ನಾಗರಿಕರು ೨೦೧೯ರಲ್ಲಿ ಮತ ಹಾಕಿ ಸರೋವರಕ್ಕೆ ಹಕ್ಕುಗಳ ಸನ್ನದನ್ನು ಕೊಟ್ಟರು. ಆದರೆ ಆ ಸನ್ನದಿನ ಮಾತು ಅತಿ ವಿಶಾಲವಾಗಿದ್ದು, ಯಾವುದು ತಪ್ಪು ಯಾವುದು ಸರಿ ಎಂಬುದೇ ತಿಳಿಯದಂತಿದೆಯೆಂದು ೨೦೨೦ರಲ್ಲಿ ನ್ಯಾಯಸ್ಥಾನ ಅದನ್ನು ಹೊಡೆದುಹಾಕಿತು. ಸ್ಪೇನಿನಲ್ಲಿ ಮಾರ್ ಮೆನೋರ್ ಎಂಬ ಉಪ್ಪುನೀರಿನ ಸರೋವರವಿದೆ. ಹೊಲಗಳಿಗೆ ಹಾಕಿದ ಗೊಬ್ಬರ ಹರಿದುಬಂದು, ನೀರಿನ ಪ್ರಾಣವಾಯು ಕುಂದಿ, ೨೦೧೯ರಲ್ಲಿ ಅಲ್ಲಿಯ ಮೀನು ರಾಶಿರಾಶಿಯಾಗಿ ಸತ್ತು ದಡಕ್ಕೆ ಬಿದ್ದಿತು. ಆರು ಲಕ್ಷಕ್ಕೂ ಮಿಕ್ಕ ಜನ ರುಜುಹಾಕಿ ಬೇಡಿದ ಮೇಲೆ ೨೦೨೨ರಲ್ಲಿ ಅದು ವ್ಯಕ್ತಿಯಾಯಿತು. ಅದರ ಪಾಲನೆಗೆ ಪ್ರತಿನಿಧಿಗಳ ಸಭೆಯೊಂದು, ಉಸ್ತುವಾರಿಯ ಮಂಡಲಿಯೊಂದು, ವಿಜ್ಞಾನಿಗಳ ಸಮಿತಿಯೊಂದು ಏರ್ಪಟ್ಟುವು. ೨೦೨೪ರಲ್ಲಿ ಆ ದೇಶದ ರಾಜ್ಯಾಂಗ ನ್ಯಾಯಸ್ಥಾನ ಈ ಶಾಸನವನ್ನು ಎತ್ತಿಹಿಡಿಯಿತು. ಯಾವ ಕಡೆ ಪಾಲಕನು ಯಾರು, ಅವನ ಕರ್ತವ್ಯವೇನು ಎಂಬುದು ಗೊತ್ತಾಗಿದೆಯೋ ಅಲ್ಲಿ ಪದವಿ ನಿಂತಿದೆ. ಯಾವ ಕಡೆ ಉತ್ಸಾಹ ಮಾತ್ರ ಇದೆಯೋ ಅಲ್ಲಿ ಬಿದ್ದಿದೆ.

ಈ ಮತದ ಮೇಲೆ ಮೂರು ಆಕ್ಷೇಪಗಳು ಬರುತ್ತವೆ. ಹಕ್ಕುಳ್ಳವನಿಗೆ ಹೊಣೆಯೂ ಇರಬೇಕು. ನದಿ ಊರನ್ನು ಮುಳುಗಿಸಿದರೆ ಶಿಕ್ಷೆ ಯಾರಿಗೆ ಎಂಬುದು ಮೊದಲನೆಯದು. ತೊಟ್ಟಿಲಿನ ಶಿಶುವಿಗೂ ಆಸ್ತಿಯ ಹಕ್ಕುಂಟು. ಅದು ದೀಪವನ್ನು ಕೆಡವಿ ಮನೆ ಸುಟ್ಟರೆ ಶಿಶುವನ್ನು ಸೆರೆಗೆ ಹಾಕುವವರಿಲ್ಲ. ಬುದ್ಧಿಪೂರ್ವಕವಾಗಿ ನಡೆಯಬಲ್ಲವರಿಗೆ ಮಾತ್ರ ಹೊಣೆ; ಹಕ್ಕು, ಕೇಡಿಗೆ ಈಡಾಗಬಲ್ಲ ಎಲ್ಲಕ್ಕೂ ಸಲ್ಲಬಹುದು. ನದಿಯ ಇಚ್ಛೆಯನ್ನು ಬಲ್ಲವರು ಯಾರು ಎಂಬುದು ಎರಡನೆಯ ಆಕ್ಷೇಪ. ಇಚ್ಛೆ ತಿಳಿಯದೆ ಇರಬಹುದು, ಹಿತ ತಿಳಿಯದೆ ಇರದು. ನೀರು ಬತ್ತದೆ ಹರಿಯಬೇಕು, ವಿಷ ಸೇರಬಾರದು, ಮಳೆಗಾಲದಲ್ಲಿ ಹರಡಿಕೊಳ್ಳಲು ದಡದ ಜಾಗ ಬಿಡಬೇಕು: ಇಷ್ಟನ್ನು ತಿಳಿಯುವುದಕ್ಕೆ ದಿವ್ಯಜ್ಞಾನ ಬೇಡ, ಬೆಸ್ತರವನನ್ನು ಕೇಳಿದರೆ ಸಾಕು.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗುರುತರವಾದುದು. ನದಿಯ ಹೆಸರನ್ನು ಹೇಳಿಕೊಂಡು ಬಡವರನ್ನು ಒಕ್ಕಲೆಬ್ಬಿಸಿದರೆ ಏನು ಗತಿ? ಬಂಗ್ಲಾದೇಶದ ಉಚ್ಚ ನ್ಯಾಯಾಲಯವು ೨೦೧೯ರಲ್ಲಿ ಢಾಕಾ ನಗರದ ಬಳಿಯ ತುರಾಗ್ ನದಿಯನ್ನೂ, ಅದರೊಡನೆ ದೇಶದ ಎಲ್ಲ ನದಿಗಳನ್ನೂ ವ್ಯಕ್ತಿಗಳೆಂದು ಸಾರಿ, ಸರಕಾರದ ಒಂದು ಆಯೋಗವನ್ನು ತಂದೆತಾಯಿಗಳ ಸ್ಥಾನದಲ್ಲಿ ನಿಲ್ಲಿಸಿತು. ಅದೇ ವರ್ಷ ಆ ನಗರದ ನದೀತೀರಗಳಲ್ಲಿ ಒತ್ತುವರಿಯನ್ನು ಕೆಡಹುವ ಕೆಲಸ ಬಿರುಸಾಗಿ ನಡೆಯಿತು. ಒತ್ತುವರಿ ಮಾಡಿದವರಲ್ಲಿ ಕಾರ್ಖಾನೆಯ ಧಣಿಯೂ ಉಂಟು, ಬೇರೆ ನೆಲೆಯಿಲ್ಲದೆ ಗುಡಿಸಲು ಹಾಕಿದ ಕೂಲಿಯೂ ಉಂಟು. ಧಣಿಗೆ ವಕೀಲರುಂಟು, ಕೂಲಿಗೆ ಗುಡಿಸಲು ಮಾತ್ರ ಉಂಟು. ನದಿಗೆ ನಾಲಗೆ ಕೊಟ್ಟ ನ್ಯಾಯಸ್ಥಾನವು ಕೂಲಿಯ ನಾಲಗೆಯನ್ನು ಕಿತ್ತುಕೊಳ್ಳುವಂತಾದರೆ ಅದು ಧರ್ಮವಲ್ಲ. ಈ ಆಕ್ಷೇಪಕ್ಕೆ ಪೂರ್ಣ ಸಮಾಧಾನವಿಲ್ಲ. ಪಾಲಕನು ಸರಕಾರದ ಆಳು ಮಾತ್ರವಾಗದೆ, ದಡದ ಜನರಿಗೂ ಉತ್ತರ ಹೇಳಬೇಕಾದವನಾಗಿದ್ದರೆ ಅಪಾಯ ಕಡಮೆಯಾಗುವುದು ಎಂದಿಷ್ಟೇ ಹೇಳಬಹುದು. ವಾಂಗನುಯಿಯ ಇಬ್ಬರು ಪಾಲಕರಲ್ಲಿ ಒಬ್ಬರನ್ನು ದಡದವರೇ ಕಳುಹಿಸುವುದರಲ್ಲಿ ಈ ವಿವೇಕ ಅಡಗಿದೆ.

ಇನ್ನು ಹಿಗ್ಗುವವರ ಪಕ್ಷ. ನದಿಯನ್ನು ತಾಯಿಯೆಂದು ಕಂಡ ದೇಶಕ್ಕೆ ಈ ಹೊಸ ಪಾಠ ಬೇಕಾಗಿಲ್ಲವೆಂದು ಅವರ ಅಭಿಪ್ರಾಯ. ಹಾಗಾದರೆ ಆ ತಾಯಿಯ ಸ್ಥಿತಿ ಹೀಗೇಕಾಯಿತು? ಆರತಿ ಬೆಳಗುವ ಘಟ್ಟದ ಪಕ್ಕದಲ್ಲಿಯೇ ಊರ ಚರಂಡಿ ಬಂದು ನದಿಗೆ ಬೀಳುವುದನ್ನು ತೀರ್ಥಯಾತ್ರೆ ಮಾಡಿದವರೆಲ್ಲ ಕಂಡಿದ್ದಾರೆ. ಕೈಮುಗಿಯುವವರೂ ಕೊಳೆ ಬಿಡುವವರೂ ಬೇರೆಬೇರೆ ಜನವಲ್ಲ. ಇದನ್ನು ಕಪಟವೆಂದು ತಳ್ಳಿಬಿಡುವುದು ಸುಲಭ. ಆದರೆ ಭಕ್ತಿ ನಿಜವಾದುದೇ. ಕಾರಣ ಆ ಭಾವನೆಯ ಒಳಗೇ ಇದೆ. ತಾಯಿಯೆಂದರೆ ಕೊಡುವವಳು, ತೊಳೆಯುವವಳು, ಕ್ಷಮಿಸುವವಳು. ಮಗುವಿನ ಮೈಲಿಗೆ ತಾಯಿಗೆ ತಾಗುವುದಿಲ್ಲ. ಎಲ್ಲ ಪಾಪವನ್ನೂ ತೊಳೆಯಬಲ್ಲವಳು ಚರಂಡಿಯ ಕೊಳೆಯನ್ನು ತೊಳೆಯಲಾರಳೆ ಎಂದು ಮನಸ್ಸು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತದೆ. ಹೀಗೆ ಪೂಜ್ಯಭಾವವೇ ಉದಾಸೀನಕ್ಕೆ ಆಸರೆಯಾಗುತ್ತದೆ.

ಕಾನೂನಿನ ವ್ಯಕ್ತಿತ್ವ ಇದಕ್ಕೆ ತಲೆಕೆಳಗಾದ ಭಾವನೆ. ಹಿಂದೂ ನ್ಯಾಯದಲ್ಲಿ ದೇವರು ಗರ್ಭಗುಡಿಯೊಳಗೆ ಸರ್ವಶಕ್ತನಾಗಿರಬಹುದು. ನ್ಯಾಯಸ್ಥಾನದಲ್ಲಿ ಅವನನ್ನು ಎಂದಿಗೂ ವಯಸ್ಸಿಗೆ ಬಾರದ ಶಿಶುವಿನಂತೆ ಕಾಣುತ್ತಾರೆ. ಅವನ ಆಸ್ತಿಯನ್ನು ಬಂಗಾಳದ ಶೇಬಾಯಿತನೋ ಕನ್ನಡ ನಾಡಿನ ಧರ್ಮದರ್ಶಿಯೋ ನೋಡಿಕೊಳ್ಳಬೇಕು. ನೋಡಿಕೊಳ್ಳುವವನು ತಿಂದುಹಾಕಿದರೆ ಅವನ ಮೇಲೆ ದೇವರ ಹೆಸರಿನಲ್ಲಿಯೇ ದಾವೆ ಹೂಡುವುದಕ್ಕೆ ಭಕ್ತನಿಗೆ ಅವಕಾಶವುಂಟು. ದೇವರು ತಾನೇ ಶಿಕ್ಷಿಸಿಕೊಳ್ಳುತ್ತಾನೆಂದು ನ್ಯಾಯಾಧಿಪತಿ ಸುಮ್ಮನಿರುವುದಿಲ್ಲ. ಧರ್ಮದರ್ಶಿಯ ಲೆಕ್ಕದ ಪುಸ್ತಕವನ್ನು ತರಿಸುತ್ತಾನೆ. ನದಿಗೆ ಬೇಕಾದದ್ದು ಈ ಲೆಕ್ಕ ಕೇಳುವ ನ್ಯಾಯ. ಉತ್ತರಾಖಂಡದ ತೀರ್ಪು ದೇವತಾವಿಗ್ರಹದ ಉಪಮೆಯಲ್ಲಿ ಪೂಜ್ಯತೆಯನ್ನು ತೆಗೆದುಕೊಂಡಿತು. ಪ್ರಿವಿ ಕೌನ್ಸಿಲ್ ೧೯೨೫ರಲ್ಲಿ ಹೇಳಿದ ‘ಯಾರ ಲಾಭಕ್ಕೂ ಸೇರದ ವಾದಮಿತ್ರ’ನನ್ನು ಬಿಟ್ಟುಬಿಟ್ಟಿತು. ಬಿಟ್ಟದ್ದೇ ಉಪಮೆಯ ಜೀವಾಳವಾಗಿತ್ತು.

ತಾಯಿಯೆಂಬ ಭಾವನೆಯನ್ನು ಕೈಬಿಡಬೇಕೆಂದು ಇದರ ಅರ್ಥವಲ್ಲ. ತಾಯಿಗೂ ಮುಪ್ಪು ಬರುವುದುಂಟು. ಇಷ್ಟು ದಿನ ಎಲ್ಲರಿಗೂ ಬಡಿಸಿದವಳು ಒಂದು ದಿನ ಜಗಲಿಯ ಮೂಲೆಯಲ್ಲಿ ಕುಳಿತು ಮಕ್ಕಳ ಮುಖ ನೋಡುತ್ತಾಳೆ. ಆಗ ಬೆಳಗಿನ ನಮಸ್ಕಾರವೊಂದರಿಂದ ಮಗನ ಧರ್ಮ ಮುಗಿಯುವುದಿಲ್ಲ. ಹೊತ್ತಿಗೆ ಸರಿಯಾಗಿ ಗಂಜಿ ಸಿಕ್ಕಿತೆ, ಮೀಯಲು ಬಿಸಿನೀರಿದೆಯೆ, ಔಷಧ ತಂದದ್ದಾಯಿತೆ ಎಂದು ವಿಚಾರಿಸಬೇಕು; ನಾಲ್ಕು ಜನ ಮಕ್ಕಳಿದ್ದರೆ ಯಾವ ತಿಂಗಳು ಯಾರ ಹೊಣೆ ಎಂಬುದು ಗೊತ್ತಾಗಬೇಕು. ಗೊತ್ತಾಗದಿದ್ದರೆ ನಾಲ್ವರೂ ಭಕ್ತರಾಗಿದ್ದು ತಾಯಿ ಹಸಿದಿರುವುದು ಲೋಕದಲ್ಲಿ ಕಾಣದ ಸಂಗತಿಯಲ್ಲ. ಋಣವೆಂಬ ಮಾತಿಗೆ ಈ ನಾಡಿನಲ್ಲಿ ಇರುವ ಬಲವೆಲ್ಲ ಅದು ತೀರಿಸತಕ್ಕದ್ದು ಎಂಬ ಅರ್ಥದಿಂದ ಬಂದಿದೆ.

ಈ ದೃಷ್ಟಿಯಿಂದ ಕನ್ನಡಿಗರು ತಮಗೆ ಹತ್ತಿರದ ನದಿಯನ್ನೇ ನೋಡಬಹುದು. ತುಲಾ ಸಂಕ್ರಮಣದ ದಿನ ತಲಕಾವೇರಿಯಲ್ಲಿ ತೀರ್ಥೋದ್ಭವಕ್ಕೆ ಕಾದು ನಿಲ್ಲುವ ಜನ ಕಾವೇರಿಯನ್ನು ತಾಯಿಯೆಂದು ಕರೆಯುವುದು ಬಾಯುಪಚಾರಕ್ಕಲ್ಲ. ಆ ಕಾವೇರಿಯ ನೀರಿನ ಹಂಚಿಕೆಯನ್ನು ನ್ಯಾಯಮಂಡಲಿಯು ೨೦೦೭ರಲ್ಲಿ ಗೊತ್ತುಮಾಡಿತು. ಸರ್ವೋಚ್ಚ ನ್ಯಾಯಾಲಯವು ೨೦೧೮ರ ಫೆಬ್ರವರಿ ೧೬ರಂದು ಅದನ್ನು ತಿದ್ದಿತು. ವರ್ಷದ ಒಟ್ಟು ನೀರು ೭೪೦ ಟಿ.ಎಂ.ಸಿ. ಅಡಿ, ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಅದರಲ್ಲಿ ತಮಿಳುನಾಡಿಗೆ ೪೦೪.೨೫, ಕರ್ನಾಟಕಕ್ಕೆ ೨೮೪.೭೫, ಕೇರಳಕ್ಕೆ ೩೦, ಪುದುಚೇರಿಗೆ ೭. ಮಿಕ್ಕದ್ದು ೧೪: ಪರಿಸರದ ರಕ್ಷಣೆಗೆ ೧೦, ತಡೆಯಲಾಗದೆ ಸಮುದ್ರಕ್ಕೆ ಹೋಗುವುದು ೪. ಅಂತರರಾಜ್ಯ ನದಿ ರಾಷ್ಟ್ರದ ಸಂಪತ್ತು, ಯಾವ ಒಂದು ರಾಜ್ಯವೂ ಅದರ ಒಡೆತನವನ್ನು ಸಾಧಿಸಲಾಗದು ಎಂದು ಆ ತೀರ್ಪು ಹೇಳಿತು. ಅದು ಸತ್ಯವಾದ ಮಾತು, ಘನವಾದ ಮಾತು. ಆದರೆ ಅದೇ ತೀರ್ಪಿನ ಲೆಕ್ಕವನ್ನು ಇನ್ನೊಂದು ಬಗೆಯಿಂದ ಓದಿದರೆ, ತಾಯಿಯ ಅಡಿಗೆಮನೆಯ ೭೪೦ ತುತ್ತುಗಳಲ್ಲಿ ತಾಯಿಯ ಎಲೆಗೆ ಬಿದ್ದದ್ದು ಹತ್ತು, ಚೆಲ್ಲಿದ್ದು ನಾಲ್ಕು.

ಇದಕ್ಕೆ ನ್ಯಾಯಾಧಿಪತಿಗಳನ್ನಾಗಲಿ ಯಾವ ಒಂದು ರಾಜ್ಯವನ್ನಾಗಲಿ ದೂಷಿಸಿ ಪ್ರಯೋಜನವಿಲ್ಲ. ಮಂಡ್ಯದ ಕಬ್ಬಿನವನೂ ತಂಜಾವೂರಿನ ಭತ್ತದವನೂ ಬೆಂಗಳೂರಿನ ನಲ್ಲಿಯವನೂ ಕೇಳಿದ್ದು ತಮ್ಮ ಅನ್ನವನ್ನೇ, ನೀರನ್ನೇ. ಅವರೆಲ್ಲರಿಗೂ ವಕೀಲರಿದ್ದರು, ದಶಕಗಳ ಕಾಲ ವಾದ ನಡೆಯಿತು. ಆ ದೊಡ್ಡ ಸಭೆಯಲ್ಲಿ ಕಾವೇರಿಯ ಹೆಸರನ್ನು ಎಲ್ಲರೂ ಹೇಳಿದರು; ಕಾವೇರಿಯ ಪರವಾಗಿ ನಿಲ್ಲುವುದಕ್ಕೆ ಮಾತ್ರ ಪೀಠವಿರಲಿಲ್ಲ. ಇದ್ದಿದ್ದರೆ ಹತ್ತು ಇಪ್ಪತ್ತಾಗುತ್ತಿತ್ತೆಂದು ಯಾರೂ ಭರವಸೆ ಕೊಡಲಾರರು. ಆದರೆ ಹತ್ತು ಸಾಕೆ ಎಂದು ಕೇಳುವುದೇ ತನ್ನ ಕೆಲಸವಾಗಿರುವ ಒಬ್ಬರು ಅಲ್ಲಿ ಇರುತ್ತಿದ್ದರು. ಇಷ್ಟು ನೀರಿನಲ್ಲಿ ಮೀನು ಬದುಕೀತೆ, ಸಮುದ್ರದ ಉಪ್ಪು ಒಳನುಗ್ಗದೆ ನಿಂತೀತೆ ಎಂದು ವಿಜ್ಞಾನಿಗಳನ್ನು ಸಾಕ್ಷಿಗೆ ಕರೆಯುತ್ತಿದ್ದರು. ಉತ್ತರ ಹೇಳುವ ಹೊಣೆ ಎದುರು ಪಕ್ಷಗಳ ಮೇಲೆ ಬೀಳುತ್ತಿತ್ತು. ನ್ಯಾಯವೆಂಬುದು ಬಹುಮಟ್ಟಿಗೆ ಸರಿಯಾದ ಪ್ರಶ್ನೆಯನ್ನು ಸರಿಯಾದ ಹೊತ್ತಿನಲ್ಲಿ ಕೇಳುವವರಿರುವುದು.

ಆದುದರಿಂದ ನಗುವವರಿಗೂ ಹಿಗ್ಗುವವರಿಗೂ ಹೇಳಬಹುದಾದ ಮಾತು ಒಂದೇ. ವ್ಯಕ್ತಿತ್ವವೆಂಬುದು ನದಿಗೆ ಹಾಕುವ ಹೂವಿನ ಹಾರವಲ್ಲ. ಮನುಷ್ಯನು ತನ್ನ ಕೊರಳಿಗೆ ತಾನೇ ಹಾಕಿಕೊಳ್ಳುವ ನೊಗ. ಶಾಸನವೊಂದು ನದಿಯನ್ನು ವ್ಯಕ್ತಿಯೆಂದು ಸಾರಿದಾಗ ಅದರ ಮಾತು ಎಷ್ಟು ಗಂಭೀರವಾಗಿದೆಯೆಂದು ನೋಡಬೇಕಾಗಿಲ್ಲ. ನೀರು ಕಪ್ಪಾದ ದಿನ ಯಾರನ್ನು ಹೆಸರು ಹಿಡಿದು ಕರೆಯಬೇಕು, ಅವನು ಬಾರದಿದ್ದರೆ ಕರೆತರುವವರು ಯಾರು, ಅವನ ಲೆಕ್ಕವನ್ನು ದಡದ ಬಡವನು ಕೇಳಬಹುದೆ ಎಂಬ ಮೂರು ಪ್ರಶ್ನೆಗಳನ್ನು ಆ ಶಾಸನಕ್ಕೆ ಹಾಕಬೇಕು. ಉತ್ತರ ಬಂದರೆ ನದಿ ವ್ಯಕ್ತಿಯಾಯಿತು. ಬಾರದಿದ್ದರೆ, ತಾಯಿಯೆಂದು ಕರೆದರೂ ದೇವತೆಯೆಂದು ಕರೆದರೂ, ನ್ಯಾಯಸ್ಥಾನದಲ್ಲಿ ಅವಳು ಇನ್ನೂ ಅನಾಥೆಯೇ.